ದೆಹಲಿಯ ಹಕ್ಕಿಗಳಿಗೆ 128 ಪುಟ

1960ರ ದಶಕದ ಕೊನೆಯ ಭಾಗ. ಸೋವಿಯತ್ ಒಕ್ಕೂಟದಿಂದ ಬಂದಿದ್ದ ಪಕ್ಷಿವಿಜ್ಞಾನಿ ವಿ. ಎಂ. ಗಲುಶಿನ್ ದೆಹಲಿಯ ಮರಗಳ ಮೇಲೆ ಹದ್ದು, ರಣಹದ್ದುಗಳ ಗೂಡು ಎಣಿಸಲು ಹೊರಟರು. ದೆಹಲಿಯವರಿಗೆ ಹದ್ದು ಅಂದರೆ ಕಾಗೆಯಷ್ಟೇ ಮಾಮೂಲು. ಮಾಮೂಲಾದದ್ದನ್ನು ಎಣಿಸಲು ಯಾರಿಗೆ ಪುರಸೊತ್ತು? ಗಲುಶಿನ್ ಸುಮಾರು 150 ಚದರ ಕಿಲೊಮೀಟರ್ ಪ್ರದೇಶದ ಲೆಕ್ಕ ಹಾಕಿದರು. ಚದರ ಕಿಲೊಮೀಟರ್‌ಗೆ 16 ಜೋಡಿ ಹದ್ದುಗಳು ಸಿಕ್ಕವು. ಬಿಳಿಬೆನ್ನಿನ ರಣಹದ್ದುಗಳು 400ರ ಆಸುಪಾಸು ಜೋಡಿ. ಜಗತ್ತಿನ ಬೇರೆ ಯಾವ ದೊಡ್ಡ ನಗರದಲ್ಲೂ ಬೇಟೆಹಕ್ಕಿಗಳ ಇಂಥ ಸಂತೆ ಇರುವುದನ್ನು ಅವರು ಕಂಡಿರಲಿಲ್ಲ. 1971ರಲ್ಲಿ ಬ್ರಿಟನ್ನಿನ ‘ಐಬಿಸ್’ ಜರ್ನಲ್‌ನಲ್ಲಿ ಇದು ಅಚ್ಚಾಯಿತು, ಪುಟ್ಟದೊಂದು ಟಿಪ್ಪಣಿಯಾಗಿ.

ನಾಲ್ಕು ದಶಕ ಕಳೆದ ಮೇಲೆ ನಿಶಾಂತ್ ಕುಮಾರ್ ಮತ್ತು ಸಂಗಡಿಗರು ಅದೇ ದೆಹಲಿಯ ಹದ್ದಿನ ಗೂಡುಗಳನ್ನು ಮತ್ತೆ ಎಣಿಸಿದರು. 2014ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಚದರ ಕಿಲೊಮೀಟರ್‌ಗೆ ಸರಾಸರಿ 15 ಗೂಡು. ಈ ನಡುವೆ ನಗರ ಎಷ್ಟೋ ಪಟ್ಟು ಬೆಳೆದಿದೆ, ಮೆಟ್ರೊ ಬಂದಿದೆ, ಗಾಜಿಪುರದಲ್ಲಿ ಕಸದ ಗುಡ್ಡ ಎದ್ದಿದೆ. ಹದ್ದಿನ ಲೆಕ್ಕ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಅವುಗಳ ಹೊಟ್ಟೆ ತುಂಬಿಸುವುದು ನಗರದ ಕಸ, ಜೊತೆಗೆ ಹಳೇ ದೆಹಲಿಯ ಕಡೆ ಜನ ಹರಕೆಯಂತೆ ಆಕಾಶಕ್ಕೆ ಎಸೆಯುವ ಮಾಂಸದ ಚೂರುಗಳು. ಇತ್ತ ರಣಹದ್ದು? ಆ 400 ಜೋಡಿಯಲ್ಲಿ ಉಳಿದದ್ದು ಏನೂ ಇಲ್ಲ ಅನ್ನಬೇಕು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವು ನಿವಾರಕ, ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಮೂತ್ರಪಿಂಡ ಸೇರಿ ಕೊಂದಿತು. ಅದು ಗೊತ್ತಾದದ್ದು 2004ರಲ್ಲಿ, ಪಶುವೈದ್ಯದಲ್ಲಿ ಅದಕ್ಕೆ ನಿಷೇಧ ಬಿದ್ದದ್ದು 2006ರಲ್ಲಿ. ಅಷ್ಟು ಹೊತ್ತಿಗೆ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದು ಉಳಿದಿತ್ತು ಅಷ್ಟೆ.

ಒಂದೇ ಆಕಾಶದಲ್ಲಿ ಸುತ್ತುತ್ತಿದ್ದ ಎರಡು ಹಕ್ಕಿಗಳಲ್ಲಿ ಒಂದು ಉಳಿದು ಇನ್ನೊಂದು ಹೋಯಿತು ಎಂದು ನಾವು ಇಂದು ಅಂಕಿ ಇಟ್ಟು ಹೇಳಬಲ್ಲೆವಾದರೆ, ಅದಕ್ಕೆ ಕಾರಣ ಯಾರೋ ಒಬ್ಬರು ಎರಡೂ ಸಾಕಷ್ಟಿದ್ದಾಗಲೇ ಎಣಿಸಿ ಬರೆದಿಟ್ಟದ್ದು. ಭರತಪುರದಲ್ಲೂ ಹೀಗೇ ಆಯಿತು. ವಿಭು ಪ್ರಕಾಶ್ 1980ರ ದಶಕದಲ್ಲಿ ಕೇವಲಾದೇವ್ ಉದ್ಯಾನದ ರಣಹದ್ದುಗಳನ್ನು ಎಣಿಸಿ ಇಟ್ಟುಕೊಂಡಿದ್ದರು. ಆ ಹಳೆಯ ಲೆಕ್ಕ ಕೈಯಲ್ಲಿದ್ದದ್ದರಿಂದಲೇ 1999ರಲ್ಲಿ ಕುಸಿತದ ಸುದ್ದಿಯನ್ನು ಜಗತ್ತು ನಂಬುವಂತೆ ಬರೆಯಲು ಅವರಿಗೆ ಸಾಧ್ಯವಾಯಿತು. ಎಯಾಲ್ ಫ್ರ್ಯಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು: ರಣಹದ್ದುಗಳಿಲ್ಲದೆ ಕೊಳೆತ ಹೆಣಗಳಿಂದಾಗಿ 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಾದವು ಎಂಬುದು ಅವರ ಅಂದಾಜು. ಯಾವ ಜಿಲ್ಲೆಯಲ್ಲಿ ರಣಹದ್ದು ಮೊದಲಿತ್ತು, ಯಾವುದರಲ್ಲಿ ಇರಲಿಲ್ಲ ಎಂಬ ನಕ್ಷೆ ಇಲ್ಲದೆ ಆ ಲೆಕ್ಕ ಹುಟ್ಟುತ್ತಲೇ ಇರಲಿಲ್ಲ. ಅಂಥ ನಕ್ಷೆಗಳ ಬೇರು ಇರುವುದು ಯಾರೂ ಓದುವುದಿಲ್ಲ ಎಂದು ನಾವು ಅಂದುಕೊಳ್ಳುವ ಹಳೆಯ ಪಕ್ಷಿಪಟ್ಟಿಗಳಲ್ಲಿ.

ಗಲುಶಿನ್ ಮಾಡಿದ್ದು ಕೆಲವೇ ಹಕ್ಕಿಗಳ ಎಣಿಕೆ, ಅದಕ್ಕೆ ಪುಟ್ಟ ಟಿಪ್ಪಣಿ ಸಾಕಾಯಿತು. ಒಂದು ಊರಿನ ಎಲ್ಲ ಹಕ್ಕಿಗಳ ಕಥೆ ಹೇಳಬೇಕಾದರೆ? ಯಾವುದು ಯಾವ ತಿಂಗಳು ಬರುತ್ತದೆ, ಎಲ್ಲಿ ಗೂಡು ಕಟ್ಟುತ್ತದೆ, ಅಜ್ಜನ ಕಾಲದಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ಹಳೆಯ ಪುಸ್ತಕದಲ್ಲಿ ಹೇಳಿದ್ದು ನಂಬುವಂಥದ್ದೇ ಎಂದೆಲ್ಲ ಬರೆಯಹೊರಟರೆ ನೂರು ಪುಟವೂ ಸಾಲದು. ಅಷ್ಟು ಉದ್ದದ ವಿಜ್ಞಾನವನ್ನು ಯಾರು ಅಚ್ಚು ಹಾಕುತ್ತಾರೆ? ಬರೆದವರಿಗೆ ಅದರಿಂದ ಏನು ಸಿಗುತ್ತದೆ? ಈ ಪ್ರಶ್ನೆಗಳಿಗೆ ನಮ್ಮ ದೇಶದಲ್ಲಿ ಉತ್ತರ ಹುಡುಕಲು ದೆಹಲಿಗಿಂತ ಒಳ್ಳೆಯ ಊರಿಲ್ಲ.

ರದ್ದಿಗೆ ಹೋದ ಇಪ್ಪತ್ತೈದು ವರ್ಷ

ದೆಹಲಿಗೆ ಬರುವ ಮೊದಲು ಶಿಮ್ಲಾಕ್ಕೆ ಹೋಗಿ ಬರಬೇಕು. ಅಲನ್ ಆಕ್ಟೇವಿಯನ್ ಹ್ಯೂಮ್ ಅಂದರೆ ನಮಗೆ 1885ರಲ್ಲಿ ಕಾಂಗ್ರೆಸ್ ಕಟ್ಟಿದವರು ಎಂದಷ್ಟೇ ಶಾಲೆಯ ನೆನಪು. ಅದಕ್ಕೆ ಮೊದಲು ಅವರು ಭಾರತದ ಹಕ್ಕಿಗಳ ಅತಿದೊಡ್ಡ ಸಂಗ್ರಾಹಕರಾಗಿದ್ದರು. 1867ರಿಂದ ಒಳನಾಡು ಸುಂಕದ ಕಮಿಷನರ್. ಅಂದರೆ ಉಪ್ಪಿನ ಕಳ್ಳಸಾಗಣೆ ತಡೆಯಲು ದೇಶದ ಉದ್ದಕ್ಕೂ ಹಾಕಿದ್ದ ಮುಳ್ಳುಬೇಲಿಯ ಯಜಮಾನ. ಆ ಕೆಲಸದ ನೆಪದಲ್ಲಿ ಸುತ್ತಿದ ನಾಡಿನ ತುಂಬ ಹಕ್ಕಿ ನೋಡಿದರು, ಆ ಕಾಲದ ರೀತಿಯಂತೆ ಹೊಡೆದು ಚರ್ಮ ಸುಲಿದು ಲೇಬಲ್ ಕಟ್ಟಿದರು.

1872ರಲ್ಲಿ ಹ್ಯೂಮ್ ತಮ್ಮದೇ ಒಂದು ಜರ್ನಲ್ ತೆಗೆದರು, ‘ಸ್ಟ್ರೇ ಫೆದರ್ಸ್’. ಸಂಪಾದಕರೂ ಅವರೇ, ಅತಿಹೆಚ್ಚು ಬರೆಯುವವರೂ ಅವರೇ. ಸ್ವಂತ ಜರ್ನಲ್ ಇದ್ದರೆ ಪುಟಮಿತಿಯ ಹಂಗಿಲ್ಲ. ತೆನಾಸೆರಿಮ್ ಪ್ರಾಂತ್ಯದ (ಇಂದಿನ ಮ್ಯಾನ್ಮಾರ್‌ನ ದಕ್ಷಿಣ ತುದಿ) ಹಕ್ಕಿಗಳ ಬಗ್ಗೆ ಅವರೂ ವಿಲಿಯಂ ಡೇವಿಸನ್ನರೂ ಸೇರಿ ಬರೆದ ಒಂದೇ ಲೇಖನ 1878ರಲ್ಲಿ ಐನೂರು ಪುಟ ದಾಟಿತು, ಆ ವರ್ಷದ ಸಂಪುಟವನ್ನೇ ನುಂಗಿತು. ಲಕ್ಷದ್ವೀಪ ಮತ್ತು ಪಶ್ಚಿಮ ಕರಾವಳಿಯ ಪ್ರವಾಸದ ಉದ್ದನೆಯ ವರದಿ 1876ರದು. ನಮ್ಮ ಭಟ್ಕಳ-ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಹೋಗಿ, ಅಲ್ಲಿ ಗೂಡು ಕಟ್ಟುವ ಬಿಳಿಹೊಟ್ಟೆಯ ಕಡಲ ಹದ್ದುಗಳನ್ನು ಕಂಡದ್ದನ್ನು ಅದರಲ್ಲಿ ಬರೆದಿದ್ದಾರೆ. ಇಂದು ನೇತ್ರಾಣಿಯ ಕಡಲ ಹದ್ದುಗಳ ಬಗ್ಗೆ ಬರೆಯುವವರು ಅಲ್ಲಿಂದಲೇ ಶುರುಮಾಡಬೇಕು. ಇವತ್ತಿನ ಯಾವ ಸಂಪಾದಕನೂ ಅಂಥ ಬರಹವನ್ನು ಹಾಗೆಯೇ ಒಪ್ಪಲಾರ. ಅದರಲ್ಲಿ ವಿಜ್ಞಾನವಿದೆ, ಹರಟೆಯಿದೆ, ಜಗಳವಿದೆ. ಆದರೆ ಉಪಯೋಗಕ್ಕೆ ಬರುವ ವಿವರಗಳು ಎಷ್ಟೋ ಸಲ ಆ ಹರಟೆಯ ನಡುವೆಯೇ ಸಿಗುತ್ತವೆ.

ಇಷ್ಟೆಲ್ಲ ತಯಾರಿ ಒಂದು ಮಹಾಗ್ರಂಥಕ್ಕಾಗಿ ಇತ್ತು. ಭಾರತ ಸಾಮ್ರಾಜ್ಯದ ಹಕ್ಕಿಗಳನ್ನೆಲ್ಲ ಒಳಗೊಳ್ಳುವ ಪುಸ್ತಕಕ್ಕಾಗಿ ಹ್ಯೂಮ್ ಇಪ್ಪತ್ತೈದು ವರ್ಷ ಟಿಪ್ಪಣಿ ಮಾಡಿದ್ದರು. 1880ರ ದಶಕದ ನಡುವೆ, ಅವರು ಶಿಮ್ಲಾದ ಮನೆಯಲ್ಲಿ ಇಲ್ಲದಾಗ, ಮನೆಯ ಆಳೊಬ್ಬ ಆ ಹಸ್ತಪ್ರತಿಗಳ ರಾಶಿಯನ್ನು ಬಜಾರಿನಲ್ಲಿ ರದ್ದಿ ಕಾಗದವಾಗಿ ಮಾರಿಬಿಟ್ಟ. ಎಷ್ಟೋ ಹಾಳೆಗಳು ಅಂಗಡಿಯಲ್ಲಿ ಪೊಟ್ಟಣವಾಗಿ ಹೋಗಿರಬೇಕು. ಹ್ಯೂಮ್ ಮತ್ತೆ ಹಕ್ಕಿಗಳ ಕಡೆ ಮುಖ ಮಾಡಲಿಲ್ಲ. ಸುಮಾರು 82 ಸಾವಿರ ಮಾದರಿಗಳ ಸಂಗ್ರಹವನ್ನು 1885ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟು ಕೈತೊಳೆದುಕೊಂಡರು. ಉಳಿದ ಚೂರುಪಾರು ಟಿಪ್ಪಣಿಗಳನ್ನು ಯೂಜೀನ್ ಓಟ್ಸ್ ಸರಿಪಡಿಸಿ 1889-90ರಲ್ಲಿ ಗೂಡು-ಮೊಟ್ಟೆಗಳ ಬಗ್ಗೆ ಮೂರು ಸಂಪುಟ ಮಾಡಿದರು. ಉಳಿದದ್ದೇ ಮೂರು ಸಂಪುಟ ಆಯಿತು ಅಂದರೆ ಹೋದದ್ದು ಎಷ್ಟಿರಬಹುದು!

ಅಚ್ಚಾಗದ ಸಂಶೋಧನೆಯ ಗತಿ ಇದು. ಹಕ್ಕಿ ನೋಡುವವರ ಮನೆಯ ಅಟ್ಟದ ಮೇಲೆ ಇಂದಿಗೂ ಇಂಥ ನೋಟ್‌ಬುಕ್ಕುಗಳು ಕೂತಿವೆ. ರದ್ದಿಯವನು ಬೀದಿಯಲ್ಲಿ ಕೂಗುತ್ತ ಬರುವುದೂ ನಿಂತಿಲ್ಲ.

ರಾಜಧಾನಿಯ ಹಕ್ಕಿಸರಪಣಿ

ದೆಹಲಿಯ ಹಕ್ಕಿಗಳ ಮೊದಲ ಗಂಭೀರ ಪಟ್ಟಿ ಬಂದದ್ದು 1926ರಲ್ಲಿ. ಎಸ್. ಬೇಸಿಲ್-ಎಡ್ವರ್ಡ್ಸ್ ಬರೆದ ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್ ಎರಡು ಕಂತಿನಲ್ಲಿ ಪ್ರಕಟಿಸಿತು. ಆಗಿನ್ನೂ ಹೊಸ ದೆಹಲಿ ಕಟ್ಟುತ್ತಲೇ ಇದ್ದರು. ಸ್ವಾತಂತ್ರ್ಯದ ಹೊತ್ತಿಗೆ ಎನ್. ಎಫ್. ಫ್ರೋಮ್ ಅದೇ ಜರ್ನಲ್‌ನಲ್ಲಿ ದೆಹಲಿ ಮತ್ತು ಸುತ್ತಲಿನ ಹಕ್ಕಿಗಳ ಮೇಲೆ ಇನ್ನೊಂದು ಸುದೀರ್ಘ ಲೇಖನ ಬರೆದರು. ಹೀಗಾಗಿ ಎರಡು ಮಹಾಪಲ್ಲಟಗಳ ಮೊದಲಿನ ಸ್ಥಿತಿ ಕಾಗದದಲ್ಲಿ ಉಳಿಯಿತು. ಹೊಸ ರಾಜಧಾನಿ ಕಟ್ಟಿ ಮುಗಿಯುವ ಮುಂಚಿನದು ಒಂದು, ನಿರಾಶ್ರಿತರಿಂದ ನಗರ ದಿಢೀರನೆ ಹಿಗ್ಗುವ ಮುಂಚಿನದು ಇನ್ನೊಂದು.

ಆಮೇಲಿನವರು ಸ್ವಾರಸ್ಯದ ಜನ. ಗಾಂಧೀಜಿಯ ಸ್ನೇಹಿತ, ಕ್ವೇಕರ್ ಪಂಥದ ಹೊರೇಸ್ ಅಲೆಕ್ಸಾಂಡರ್ 1950ರಲ್ಲಿ ದೆಹಲಿ ಬರ್ಡ್‌ವಾಚಿಂಗ್ ಸೊಸೈಟಿ ಕಟ್ಟಿದರು. ಇಂದಿರಾ ಗಾಂಧಿ ಅದರ ಆರಂಭದ ಸದಸ್ಯರಲ್ಲಿ ಒಬ್ಬರು. ಬ್ರಿಟನ್ನಿನ ಹೈಕಮಿಷನರ್ ಮಾಲ್ಕಂ ಮ್ಯಾಕ್‌ಡೊನಾಲ್ಡ್ ತಮ್ಮ ಸರ್ಕಾರಿ ಬಂಗಲೆಯ ತೋಟದ ಹಕ್ಕಿಗಳ ಮೇಲೆಯೇ ದಪ್ಪ ಪುಸ್ತಕ ಬರೆದು 1960ರಲ್ಲಿ ಹೊರತಂದರು. ರಾಯಿಟರ್ಸ್ ವರದಿಗಾರ ಪೀಟರ್ ಜಾಕ್ಸನ್ ಆ ಸೊಸೈಟಿಯ ಕಾರ್ಯದರ್ಶಿಯಾಗಿದ್ದವರು. ಗುರುಗ್ರಾಮದ ಹತ್ತಿರದ ಸುಲ್ತಾನ್‌ಪುರ ಜೌಗನ್ನು ಉಳಿಸಬೇಕೆಂದು ಪ್ರಧಾನಿ ಇಂದಿರಾ ಗಾಂಧಿಗೆ ಕಾಗದ ಬರೆದರು, 1972ರಲ್ಲಿ ಅದು ಪಕ್ಷಿಧಾಮವಾಯಿತು. ಈಗ ಅದು ರಾಮ್ಸರ್ ತಾಣ. ಪತ್ರಿಕೆಗಳು ಈ ಕಾಗದದ ಕಥೆಯನ್ನು ಆಗಾಗ ಹೇಳುತ್ತವೆ. ಆ ಕಾಗದ ಬರೆಯುವ ಮುನ್ನ ಹಲವು ಚಳಿಗಾಲ ಸುಲ್ತಾನ್‌ಪುರದಲ್ಲಿ ಯಾವ ಬಾತು ಎಷ್ಟಿವೆ ಎಂದು ಬರೆದುಕೊಂಡವರ ಕಥೆ ಯಾರಿಗೂ ಬೇಡ.

ಉಷಾ ಗಂಗೂಲಿ ಅಂಥವರಲ್ಲಿ ಒಬ್ಬರು. ಅವರ ‘ಎ ಗೈಡ್ ಟು ದ ಬರ್ಡ್ಸ್ ಆಫ್ ದ ಡೆಲ್ಲಿ ಏರಿಯಾ’ 1975ರಲ್ಲಿ ಬಂತು. ಪ್ರಕಾಶಕರು ಭಾರತೀಯ ಕೃಷಿ ಸಂಶೋಧನಾ ಮಂಡಳಿ! ಗೋಧಿ-ಭತ್ತದ ತಳಿಗಳ ಬಗ್ಗೆ ಅಚ್ಚು ಹಾಕುವ ಸಂಸ್ಥೆ ಹಕ್ಕಿಗಳ ಗ್ರಂಥಕ್ಕೂ ದುಡ್ಡು ಹಾಕಿದ ಕಾಲವೊಂದಿತ್ತು ಎಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು. ಹೆಸರಿಗೆ ಗೈಡ್ ಆದರೂ ಅದನ್ನು ಬಳಸಿದವರು ಹೆಚ್ಚಾಗಿ ದಾಖಲೆಯ ಪುಸ್ತಕವಾಗಿಯೇ ಬಳಸಿದರು. ಅದೇ ಎಪ್ಪತ್ತರ ದಶಕದಲ್ಲಿ ಆಂಥೊನಿ ಗ್ಯಾಸ್ಟನ್ ದೆಹಲಿಯ ಹರಟೆಮಲ್ಲ ಹಕ್ಕಿಗಳ ಗುಂಪುಬಾಳನ್ನು ಅಭ್ಯಾಸ ಮಾಡಿದರು, ರಿಡ್ಜ್ ಕಾಡಿನಲ್ಲಿ ಯಾವ ಹಕ್ಕಿ ಯಾವ ಋತುವಿನಲ್ಲಿ ಎಂದು 1978ರಲ್ಲಿ ಬರೆದರು. 2006ರಲ್ಲಿ ಬಿಲ್ ಹಾರ್ವೆ, ನಿಖಿಲ್ ದೇವಾಸರ್, ಬಿಕ್ರಂ ಗ್ರೇವಾಲ್ ಮೂವರೂ ಸೇರಿ ದೆಹಲಿ-ಹರಿಯಾಣದ ಪಕ್ಷಿ ಅಟ್ಲಾಸ್ ಮಾಡಿದರು. ದೇಶದ ಬೇರೆ ಯಾವ ಮಹಾನಗರಕ್ಕಾದರೂ ಹೀಗೆ ನೂರು ವರ್ಷ ಕಡಿಯದ ದಾಖಲೆ ಇದ್ದರೆ, ಅದು ನನ್ನ ಕಣ್ಣಿಗೆ ಬಿದ್ದಿಲ್ಲ.

ಈ ಸರಪಣಿಯ ಕೊನೆಯ ಕೊಂಡಿ ಸುಧೀರ್ ವ್ಯಾಸ್. ವೃತ್ತಿಯಲ್ಲಿ ರಾಜತಾಂತ್ರಿಕರು, ಭೂತಾನ್ ಮತ್ತು ಜರ್ಮನಿಯಲ್ಲಿ ಭಾರತದ ರಾಯಭಾರಿಯಾಗಿದ್ದವರು. 1996ರಲ್ಲೇ ಅವರು ಬಾಂಬೆ ಸೊಸೈಟಿಯ ಜರ್ನಲ್‌ನಲ್ಲಿ ದೆಹಲಿಯ ಪಕ್ಷಿಪಟ್ಟಿಯ ಪರಿಷ್ಕರಣೆ ಪ್ರಕಟಿಸಿದ್ದರು, ಇಪ್ಪತ್ತು ಪುಟದೊಳಗೆ ಅಡಕಮಾಡಿ. ಎರಡು ದಶಕ ಬಿಟ್ಟು, 2019ರಲ್ಲಿ, ಅದೇ ವಿಷಯ 128 ಪುಟದ ಟಿಪ್ಪಣಿಸಹಿತ ಪಟ್ಟಿಯಾಗಿ ಬಂತು. ‘ಇಂಡಿಯನ್ ಬರ್ಡ್ಸ್’ ಜರ್ನಲ್ ಆರಂಭಿಸಿದ ಮೊನೊಗ್ರಾಫ್ (ಒಂದೇ ವಿಷಯದ ಸುದೀರ್ಘ ಪ್ರಬಂಧ) ಸರಣಿಯ ಸಂಖ್ಯೆ ಒಂದು ಅದೇ.

ಪಟ್ಟಿ ಅಂದರೆ ಬರೀ ಪಟ್ಟಿಯಲ್ಲ

ಪಕ್ಷಿಪಟ್ಟಿ ಅಂದಕೂಡಲೇ ಮದುವೆಯ ಸಾಮಾನು ಪಟ್ಟಿಯಂಥದ್ದೇನೋ ಅನ್ನಿಸುತ್ತದೆ. ಬರೀ ಹೆಸರುಗಳನ್ನು ಸಾಲಾಗಿ ಬರೆದರೆ ನಿಜಕ್ಕೂ ಅಷ್ಟೇ. ಟಿಪ್ಪಣಿಸಹಿತ ಪಟ್ಟಿಯ ಜೀವ ಇರುವುದು ಒಂದೊಂದು ಹೆಸರಿನ ಕೆಳಗೆ ಬರುವ ಪ್ಯಾರಾದಲ್ಲಿ. ಆ ಪ್ಯಾರಾದ ಕೆಲಸ ಒಂಥರಾ ನ್ಯಾಯಾಧೀಶರದು. 1926ರಲ್ಲಿ ಒಬ್ಬರು ಯಮುನೆಯ ಮರಳದಿಣ್ಣೆಯಲ್ಲಿ ಕಂಡೆ ಎಂದಿದ್ದಾರೆ. 1947ರಲ್ಲಿ ಇನ್ನೊಬ್ಬರು ಕಾಣಲಿಲ್ಲ ಎಂದಿದ್ದಾರೆ. ಯಾರ ಮಾತು ಹೆಚ್ಚು ತೂಕದ್ದು? ಮ್ಯೂಸಿಯಂನಲ್ಲಿ ಅದರ ಚರ್ಮ ಇದೆಯೇ? ಇದ್ದರೆ ಲೇಬಲ್ ಮೇಲಿನ ‘ದೆಹಲಿ’ ನಿಜಕ್ಕೂ ದೆಹಲಿಯೇ, ಅಥವಾ ಹಳೆಯ ದೆಹಲಿ ಜಿಲ್ಲೆಯ ಯಾವುದೋ ಮೂಲೆಯೇ? ನಿನ್ನೆ ಮೊನ್ನೆ ಯಾರೋ ಹಾಕಿದ ಫೋಟೊ ಇನ್ನೊಂದು ಜಾತಿಯ ಮರಿಹಕ್ಕಿಯದೋ? ಇಷ್ಟೆಲ್ಲ ಜಾಲಾಡಿ, ಕೊನೆಗೆ ‘ಅಪರೂಪದ ಚಳಿಗಾಲದ ಅತಿಥಿ’ ಎಂದು ಮೂರೇ ಪದ ಬರೆಯುವುದು. ಅಥವಾ ಧೈರ್ಯ ಮಾಡಿ, ಈ ದಾಖಲೆ ಒಪ್ಪತಕ್ಕದ್ದಲ್ಲ ಎಂದು ಪಟ್ಟಿಯಿಂದ ತೆಗೆಯುವುದು. ತೆಗೆಯುವ ಕೆಲಸವೇ ಕಷ್ಟದ್ದು. ದಾಖಲೆ ಮಾಡಿದವರು ಬದುಕಿದ್ದರೆ ಮಾತು ಬಿಡುತ್ತಾರೆ.

ದೆಹಲಿಯ ಮಟ್ಟಿಗೆ ಇನ್ನೊಂದು ತೊಡಕು: ‘ದೆಹಲಿ’ ಎಂದರೆ ಎಲ್ಲಿಂದ ಎಲ್ಲಿವರೆಗೆ? ಹಕ್ಕಿಗೆ ರಾಜ್ಯದ ಗಡಿ ಇಲ್ಲ, ನೋಡುವವರಿಗೂ ಇಲ್ಲ. ಭಾನುವಾರ ಬೆಳಿಗ್ಗೆ ದೆಹಲಿಯ ಪಕ್ಷಿಪ್ರಿಯರು ಹೋಗುವ ಜಾಗಗಳಲ್ಲಿ ಓಖ್ಲಾ ಉತ್ತರ ಪ್ರದೇಶದಲ್ಲಿದೆ, ಸುಲ್ತಾನ್‌ಪುರ, ಬಸಾಯಿ, ಭಿಂಡಾವಾಸ್ ಹರಿಯಾಣದವು, ಸಾರಸ ಕೊಕ್ಕರೆಗಳ ಧನೌರಿ ಗ್ರೇಟರ್ ನೋಯ್ಡಾದ ಆಚೆ. ನಜಫ್‌ಗಢ ಜೀಲ್ ಎರಡು ರಾಜ್ಯಗಳ ನಡುವೆ ಹಂಚಿಹೋಗಿದೆ. ಹಾಗಾಗಿ ಗಂಗೂಲಿಯಿಂದ ವ್ಯಾಸ್‌ವರೆಗೆ ಎಲ್ಲರೂ ‘ದೆಹಲಿ ಪ್ರದೇಶ’ ಎಂದೇ ಬರೆದರು. ಎನ್‌ಸಿಆರ್ (ರಾಷ್ಟ್ರ ರಾಜಧಾನಿ ಪ್ರದೇಶ) ಎಂಬ ಆಡಳಿತದ ಹೆಸರು ಜನರ ಬಾಯಿಗೆ ಬರುವ ಎಷ್ಟೋ ಮೊದಲು ಪಕ್ಷಿವೀಕ್ಷಕರು ತಮ್ಮದೊಂದು ಎನ್‌ಸಿಆರ್ ಮಾಡಿಕೊಂಡಿದ್ದರು.

ಈ ಜೌಗುಗಳ ಚರಿತ್ರೆಯೂ ವಿಚಿತ್ರ. ಓಖ್ಲಾದ ವಿಶಾಲ ನೀರು ಬ್ಯಾರೇಜ್ ಕಟ್ಟಿದ ಮೇಲೆ ನಿಂತದ್ದು, 1990ರಲ್ಲಿ ಪಕ್ಷಿಧಾಮವಾಯಿತು. ಬಸಾಯಿ ತುಂಬಿದ್ದು ಗುರುಗ್ರಾಮದ ಚರಂಡಿ ನೀರಿನಿಂದ. ಸುಲ್ತಾನ್‌ಪುರದ ತಗ್ಗಿನಲ್ಲಿ ಹಿಂದೆ ಉಪ್ಪು ತೆಗೆಯುತ್ತಿದ್ದರು. ಇತ್ತ ಯಮುನೆ ವಜೀರಾಬಾದಿನಿಂದ ಓಖ್ಲಾದವರೆಗಿನ 22 ಕಿಲೊಮೀಟರ್‌ನಲ್ಲಿ ಕೊಳಚೆ ಕಾಲುವೆಯಾಗಿದೆ. ಒಂದು ಕಾಲಕ್ಕೆ ಅದರ ಮರಳದಿಣ್ಣೆಗಳಲ್ಲಿ ಮೊಟ್ಟೆಯಿಡುತ್ತಿದ್ದ ಕಪ್ಪುಹೊಟ್ಟೆಯ ರೀವಗಳು ಇಂದು ದೆಹಲಿಗೆ ಹಳೆಯ ನೆನಪು. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಆಕಸ್ಮಿಕವಾಗಿ ದಕ್ಕುತ್ತದೆ, ಮತ್ತೆ ಕಳೆಯುತ್ತದೆ. ಬಸಾಯಿಯ ಪಕ್ಕದಲ್ಲಿ ಕಟ್ಟಡ ಕೆಡವಿದ ತ್ಯಾಜ್ಯದ ಘಟಕ ಬಂತು, ಎಕ್ಸ್‌ಪ್ರೆಸ್‌ವೇ ಬಂತು. ಓಖ್ಲಾದ ಸುತ್ತ ಹತ್ತು ಕಿಲೊಮೀಟರ್‌ವರೆಗೆ ಕಟ್ಟಡಗಳಿಗೆ ಪೂರ್ಣತಾ ಪತ್ರ ಕೊಡಬಾರದೆಂದು 2013ರಲ್ಲಿ ಹಸಿರು ನ್ಯಾಯಮಂಡಳಿ ತಡೆದಾಗ ನೋಯ್ಡಾದಲ್ಲಿ ಫ್ಲಾಟ್ ಕೊಂಡವರು ಬೀದಿಗೆ ಬಂದಂತಾದರು. 2015ರಲ್ಲಿ ಕೇಂದ್ರ ಸರ್ಕಾರ ಸೂಕ್ಷ್ಮವಲಯವನ್ನು ಬಹುಪಾಲು ನೂರು ಮೀಟರ್‌ಗೆ ಇಳಿಸಿತು. ಹತ್ತು ಕಿಲೊಮೀಟರೋ ನೂರು ಮೀಟರೋ ಎಂದು ವಾದಿಸುವಾಗ ಎರಡೂ ಕಡೆಯ ವಕೀಲರಿಗೆ ಬೇಕಾಗುವುದು ಒಂದೇ: ಇಲ್ಲಿ ಯಾವ ಹಕ್ಕಿ, ಎಷ್ಟು, ಯಾವಾಗಿನಿಂದ? ಆ ಉತ್ತರವನ್ನು ಮೊಕದ್ದಮೆ ಶುರುವಾದ ಮೇಲೆ ತಯಾರಿಸಲು ಆಗುವುದಿಲ್ಲ.

ಯಾರ ಲೆಕ್ಕಕ್ಕೂ ಬಾರದ ಬರಹ

ವಿಶ್ವವಿದ್ಯಾಲಯಗಳಿಂದ ತುಂಬಿದ ದೆಹಲಿಯಲ್ಲಿ ಈ ಸರಪಣಿಯ ಕೊಂಡಿಗಳು ಬಹುತೇಕ ವಿಶ್ವವಿದ್ಯಾಲಯದ ಹೊರಗಿನವರೇ: ಶಾಂತಿವಾದಿ, ಪತ್ರಕರ್ತ, ರಾಜತಾಂತ್ರಿಕ. ಇದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ. ಅಧ್ಯಾಪಕರ ಬಡ್ತಿಗೆ ಲೆಕ್ಕ ಹಾಕುವುದು ಎಷ್ಟು ಪ್ರಬಂಧ, ಯಾವ ಜರ್ನಲ್ ಎಂದು. ಹತ್ತು ವರ್ಷದ ದುಡಿಮೆಯನ್ನು ಒಂದೇ ದೊಡ್ಡ ಬರಹವಾಗಿ ಕೊಟ್ಟವರಿಗೆ ಒಂದು ಅಂಕ. ಅದನ್ನೇ ಹತ್ತು ಹೋಳು ಮಾಡಿದವರಿಗೆ ಹತ್ತು. ಬುದ್ಧಿ ಇರುವವರು ಹೋಳೇ ಮಾಡುತ್ತಾರೆ, ಅವರನ್ನು ತಪ್ಪೆನ್ನಲೂ ಆಗದು. ಹೆಸರಾಂತ ಜರ್ನಲ್‌ಗಳಿಗೆ ಒಂದು ಊರಿನ ಪಕ್ಷಿಪಟ್ಟಿ ಬೇಡ. ಹೊಸ ಸಿದ್ಧಾಂತ ಇರಬೇಕು, ಎಂಟು-ಹತ್ತು ಪುಟದಲ್ಲಿ ಮುಗಿಯಬೇಕು. ಎಲ್ಲರೂ ಉಚಿತವಾಗಿ ಓದುವಂತಾಗಬೇಕಾದರೆ ಲೇಖಕರೇ ಶುಲ್ಕ ಕಟ್ಟಬೇಕು. ‘ನೇಚರ್’ 2020ರಲ್ಲಿ ಅದಕ್ಕೆ ಘೋಷಿಸಿದ ದರ ಒಂದು ಲೇಖನಕ್ಕೆ 9,500 ಯೂರೊ. ಇನ್ನೊಂದು ಕಡೆ, ವಿದೇಶಿ ಜರ್ನಲ್‌ಗಳನ್ನು ನಮ್ಮ ವಿದ್ಯಾರ್ಥಿಗಳು ಓದಲೆಂದು ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಓದಲಿ, ಒಳ್ಳೆಯದೇ. ಬರೆದದ್ದನ್ನು ಇಲ್ಲೇ ಪ್ರಕಟಿಸುವ ಸಣ್ಣ ಜರ್ನಲ್‌ಗಳಿಗೆ ಅದರ ನೂರರಲ್ಲೊಂದು ಪಾಲು ಬಂದಿದ್ದರೂ ಎಷ್ಟು ಮೊನೊಗ್ರಾಫ್ ಆಗುತ್ತಿದ್ದವು ಎಂದು ಮನಸ್ಸು ಲೆಕ್ಕ ಹಾಕುತ್ತದೆ.

‘ಇಂಡಿಯನ್ ಬರ್ಡ್ಸ್’ ಅಂಥ ಸಣ್ಣ ಜರ್ನಲ್. ಅದರ ವಂಶಾವಳಿಯಲ್ಲಿ ಬೆಂಗಳೂರೂ ಇದೆ. 1959ರಲ್ಲಿ ಜಫರ್ ಫತೇಹಲ್ಲಿ ಪಕ್ಷಿವೀಕ್ಷಕರಿಗಾಗಿ ಸೈಕ್ಲೋಸ್ಟೈಲ್ ಮಾಡಿದ ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಶುರುಮಾಡಿದರು; ಆಮೇಲೆ ಅವರೂ ಅವರ ಪತ್ರಿಕೆಯೂ ಬೆಂಗಳೂರಿಗೆ ಬಂದು ದಶಕಗಳ ಕಾಲ ನೆಲೆಸಿದ್ದು ಹಳೆಯ ಪಕ್ಷಿಪ್ರಿಯರಿಗೆ ಗೊತ್ತು. 2004ರಲ್ಲಿ ಹೈದರಾಬಾದಿನ ಆಶೀಶ್ ಪಿಟ್ಟಿ ಅದೇ ಜಾಡಿನಲ್ಲಿ, ಆದರೆ ಹೆಚ್ಚು ಬಿಗಿಯಾದ ಸಂಪಾದನೆಯೊಂದಿಗೆ ಹೊಸ ಜರ್ನಲ್ ಹೊರಡಿಸಿದರು. ದಕ್ಷಿಣ ಏಷ್ಯಾದ ಪಕ್ಷಿಸಾಹಿತ್ಯದ ಸಂಪೂರ್ಣ ಗ್ರಂಥಸೂಚಿ ಮಾಡುತ್ತ ಬಂದವರು ಪಿಟ್ಟಿ. ಎಲ್ಲಿ ಯಾರು ಏನು ಬರೆದಿದ್ದಾರೆಂದು ಅವರಷ್ಟು ತಿಳಿದವರು ಕಡಿಮೆ. 2016ರಲ್ಲಿ ಪ್ರವೀಣ್ ಜೆ., ರಾಜಾ ಜಯಪಾಲ್ ಮತ್ತು ಪಿಟ್ಟಿ ಸೇರಿ ಪ್ರಕಟಿಸಿದ ಭಾರತದ ಪಕ್ಷಿಪಟ್ಟಿ, 1,263 ಪ್ರಭೇದಗಳದ್ದು, ಎರಡು ಸಂಚಿಕೆಗಳನ್ನು ಒಟ್ಟುಮಾಡಿ 60 ಪುಟ ತಿಂದಿತು. ಅದು ವಿವರ ಕಡಿಮೆ ಇದ್ದ ಪಟ್ಟಿ. ವ್ಯಾಸ್ ಅವರ 128 ಪುಟವನ್ನು ಯಾವ ಸಂಚಿಕೆಗೆ ತುರುಕುವುದು? ಬೇರೆ ಸರಣಿಯೇ ಬೇಕಾಯಿತು. ಆ ಮೊನೊಗ್ರಾಫ್ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಪಿಡಿಎಫ್. ಹ್ಯೂಮ್ ಸ್ವಂತ ಸಂಬಳದಿಂದ ನಡೆಸಿದ್ದನ್ನು ಈಗಿನವರು ಸ್ವಂತ ಸಂಜೆಗಳಿಂದ ನಡೆಸುತ್ತಾರೆ.

ಇಷ್ಟರ ನಡುವೆ ಮಾಹಿತಿಯ ಮಹಾಪೂರವೂ ಬಂದಿದೆ. ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿದಂತೆ ಹಲವು ಸಂಸ್ಥೆಗಳು ಕೂಡಿ ತಂದ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಇ-ಬರ್ಡ್ ಎಂಬ ಜಾಲತಾಣಕ್ಕೆ ಕಳಿಸಿದ ಮೂರು ಕೋಟಿ ದಾಖಲೆಗಳ ಮೇಲೆ ನಿಂತಿದೆ. ಮೈಸೂರು ನಗರದ ಪಕ್ಷಿ ಅಟ್ಲಾಸ್ ಆಗಿದೆ, ಕೇರಳದ್ದು ಇಡೀ ರಾಜ್ಯದ್ದು ಆಗಿದೆ, ದೆಹಲಿಯದು 2025ರಲ್ಲಿ ಶುರುವಾಯಿತು. ಇದನ್ನು ಕಂಡ ಕೆಲವರು, ಇನ್ನು ಉದ್ದನೆಯ ಪಕ್ಷಿಗ್ರಂಥಗಳ ಕಾಲ ಮುಗಿಯಿತು, ಬೇಕಾದ್ದನ್ನು ಕಂಪ್ಯೂಟರಿನಿಂದ ತೆಗೆದರಾಯಿತು ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಇ-ಬರ್ಡ್ ನಮ್ಮಲ್ಲಿ ಹಬ್ಬಿ ಒಂದು ದಶಕವಷ್ಟೇ ಆಗಿದೆ. ಅದರ ಹಿಂದಿನದೆಲ್ಲ ಕಾಗದದಲ್ಲಿದೆ. ಧನೌರಿಯ ಸಾರಸ ಜೋಡಿಗೆ ಭಾನುವಾರ ಎಷ್ಟು ಕ್ಯಾಮೆರಾ ಸಾಲುಗಟ್ಟಿದರೂ, ಪಕ್ಕದ ಹೊಲದ ಮಾಮೂಲು ಹಕ್ಕಿ ಬರುವುದನ್ನು ನಿಲ್ಲಿಸಿದ್ದು ಯಾವ ಫೋಟೊದಲ್ಲೂ ಬೀಳುವುದಿಲ್ಲ. ಇಲ್ಲದಿರುವುದಕ್ಕೆ ಫೋಟೊ ತೆಗೆಯಲಾಗದು; ಅದನ್ನು ಯಾರಾದರೂ ವಾಕ್ಯ ಮಾಡಿಯೇ ಬರೆಯಬೇಕು. ಮೂರು ಕೋಟಿ ದಾಖಲೆಗಳಿಗೆ ತೀರ್ಪು ಕೊಡುವ ಕಣ್ಣು ಮೂವತ್ತು ದಾಖಲೆ ಇದ್ದಾಗಿನದಕ್ಕಿಂತ ಹೆಚ್ಚೇ ಬೇಕು.

ಕನ್ನಡ ನಾಡಿನ ಕಡೆ ತಿರುಗಿದರೆ ಸಾಮಗ್ರಿಗೆ ಬರವಿಲ್ಲ. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನ ಸುತ್ತಿ ಬರೆದ ‘ದ ಬರ್ಡ್ಸ್ ಆಫ್ ಮೈಸೂರ್’ 1942-43ರಲ್ಲಿ ಬಾಂಬೆ ಸೊಸೈಟಿಯ ಜರ್ನಲ್‌ನಲ್ಲಿ ಕಂತುಕಂತಾಗಿ ಬಂತು. ಮಹಾಯುದ್ಧದ ನಡುವೆ ಒಂದು ಜರ್ನಲ್ ಹಕ್ಕಿಗಳಿಗೆ ಅಷ್ಟು ಪುಟ ಕೊಟ್ಟಿತ್ತು. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳನ್ನು ವಿಜ್ಞಾನದ ಕಣ್ಣಿಗೆ ಬೀಳಿಸಿದ್ದು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಟಿಪ್ಪಣಿ, 1977ರದು, ಎರಡು ಪುಟದ್ದು. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಜೋಸೆಫ್ ಜಾರ್ಜ್ ಅವರ ಸಂಪಾದಕತ್ವದಲ್ಲಿ ಬೆಂಗಳೂರು ಹಕ್ಕಿಗಳ ಟಿಪ್ಪಣಿಸಹಿತ ಪಟ್ಟಿ ತಂದದ್ದು 1994ರಲ್ಲಿ. ಅದು ವೈಟ್‌ಫೀಲ್ಡ್ ಇನ್ನೂ ಊರಾಚೆಯಿದ್ದಾಗಿನ, ಬೆಳ್ಳಂದೂರು ಕೆರೆಗೆ ನೊರೆ-ಬೆಂಕಿಗಳ ಕುಖ್ಯಾತಿ ಬರುವ ಮೊದಲಿನ ಪುಸ್ತಕ. ಆಮೇಲೆ ಮೂವತ್ತು ವರ್ಷ ಕಳೆದಿದೆ. ಆ ಮೂವತ್ತು ವರ್ಷಗಳ ನೋಟ್‌ಬುಕ್ಕುಗಳು ಬೆಂಗಳೂರಿನ ಹಲವು ಮನೆಗಳಲ್ಲಿ ಇವೆ, ಬರೆದವರಲ್ಲಿ ಹಲವರು ಈಗ ನಿವೃತ್ತರು, ಕೂತು ಬರೆಯಲು ಸಮಯವೂ ಇರುವವರು. ದೆಹಲಿಗೆ ಒಬ್ಬ ನಿವೃತ್ತ ರಾಯಭಾರಿ ಸಿಕ್ಕರು. ಇಲ್ಲಿಯ 128 ಪುಟ ಬ್ಯಾಂಕಿನವರೋ, ಎಚ್ಎಎಲ್‌ನವರೋ, ಕೃಷಿ ವಿಶ್ವವಿದ್ಯಾಲಯದವರೋ, ಯಾರಿಂದ ಬರುತ್ತದೆ ನೋಡಬೇಕು.